ಫೋಟೋ ತೆಗೆದು ಹೊರಟ ಮೇಲೆ ಅಲ್ಲಿ ಏನು ಉಳಿಯುತ್ತೆ?

ಫಸ್ಟ್ ಇಯರ್‌ನಲ್ಲಿ ಕ್ಯಾಂಟೀನ್ ಮಾತೆಲ್ಲ ಇಂಟರ್ನಲ್ಸ್ ಬಗ್ಗೆ ಇರ್ತಿತ್ತು. ಸೆಕೆಂಡ್ ಇಯರ್‌ಗೆ ಬರ್ತಿದ್ದ ಹಾಗೆ ಮಾತು 'ಪ್ರೊಫೈಲ್' ಕಡೆಗೆ ತಿರುಗಿದೆ. ಎಂಎಸ್‌ಗೆ ಹೋಗಬೇಕು ಅನ್ನೋರು ಎಸ್‌ಒಪಿಯಲ್ಲಿ ಏನು ಬರೆಯೋದು ಅಂತ ಈಗಲೇ ಲೆಕ್ಕ ಹಾಕ್ತಿದ್ದಾರೆ. ಎಂಬಿಎ ಕನಸಿರೋರು ಇಂಟರ್‌ವ್ಯೂನಲ್ಲಿ ಹೇಳೋಕೆ ಒಂದು ಕಥೆ ಹುಡುಕ್ತಿದ್ದಾರೆ. ಉಳಿದವರಿಗೆ ರೆಸ್ಯೂಮೆಯ ಕೊನೆಯಲ್ಲಿ ಖಾಲಿ ಬಿದ್ದಿರೋ ಜಾಗದ ಚಿಂತೆ. ಎಲ್ಲರಿಗೂ ಬೇಕಾಗಿರೋದು ಒಂದೇ: "ನಾನು ಸಮಾಜಕ್ಕೂ ಏನೋ ಮಾಡಿದ್ದೀನಿ" ಅಂತ ತೋರಿಸೋ ಎರಡು ಸಾಲು.

ಆ ಎರಡು ಸಾಲು ಬೇಕು ಅನ್ನೋದು ತಪ್ಪು ಅಂತ ನಾನು ಹೇಳ್ತಿಲ್ಲ. ಸೀಟು, ಸ್ಕಾಲರ್‌ಶಿಪ್ ಸಿಗೋದು ಮನೆಯವರಿಗೆ ಎಷ್ಟು ದೊಡ್ಡ ವಿಷಯ ಅಂತ ನಮಗೆಲ್ಲ ಗೊತ್ತು. ನನ್ನ ತಕರಾರು ಬೇರೆ. ನಾವು ಆ ಎರಡು ಸಾಲನ್ನ ಮೊದಲೇ ಮನಸ್ಸಲ್ಲಿ ಬರೆದುಕೊಂಡು, ಆಮೇಲೆ ಅದಕ್ಕೆ ತಕ್ಕ ಕೆಲಸ ಹುಡುಕ್ತಿದ್ದೀವಿ. ಇದು ಉಲ್ಟಾ ಆಗಬೇಕು. ಯಾರಿಗೋ ನಿಜವಾಗಿ ಬೇಕಾದ ಕೆಲಸ ಮೊದಲು, ಅದರಲ್ಲಿ ನಮ್ಮ ಹವ್ಯಾಸಕ್ಕೆ ಎಲ್ಲಿ ಜಾಗ ಇದೆ ಅನ್ನೋದು ಆಮೇಲೆ, ಅರ್ಜಿಯ ಸಾಲು ಎಲ್ಲಕ್ಕಿಂತ ಕೊನೆಗೆ.

ವಿಟಿಯು ಕಾಲೇಜುಗಳಲ್ಲಿ ಓದೋರಿಗೆ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ ಗೊತ್ತೇ ಇದೆ. ನಾಲ್ಕು ವರ್ಷ ಓದೋರಿಗೆ 100 ಪಾಯಿಂಟ್, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದೋರಿಗೆ 75. ಸಿಜಿಪಿಎಗೆ ಸೇರಲ್ಲ, ಆದ್ರೆ ಇಲ್ಲದೇ ಇದ್ರೆ ಡಿಗ್ರಿ ಸಿಗಲ್ಲ. ಆ ಪಟ್ಟಿಯನ್ನ ಒಂದ್ಸಲ ಓದಿ ನೋಡಿ, ಚೆನ್ನಾಗೇ ಇದೆ. ಸ್ಥಳೀಯ ಶಾಲೆಗಳ ಫಲಿತಾಂಶ ಸುಧಾರಿಸೋಕೆ ನೆರವಾಗೋದು, ನೀರಿನ ನಿರ್ವಹಣೆ, ಕಸ ವಿಲೇವಾರಿ, ವಿದ್ಯುತ್ ಬಳಕೆ ಕಡಿಮೆ ಮಾಡೋದು, ಹಳ್ಳಿಯವರ ಆದಾಯ ಹೆಚ್ಚಿಸೋಕೆ ಯೋಜನೆ ಮಾಡಿಕೊಡೋದು, ಎಲ್ಲಾ ಇದೆ. ಎಂಜಿನಿಯರಿಂಗ್ ಓದೋರಿಗೆ ಇದಕ್ಕಿಂತ ಒಳ್ಳೆ ಪಟ್ಟಿ ಸಿಗೋದು ಕಷ್ಟ.

ಆದ್ರೆ ನಡೆಯೋದೇನು? ಬ್ಯಾನರ್ ಪ್ರಿಂಟ್ ಆಗುತ್ತೆ. ಬಸ್ಸಲ್ಲಿ ನಲವತ್ತು ಜನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗ್ತೀವಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ ಕೂತು ಕಾರ್ಡ್ ಹಿಡಿದು ಕಲೀತಿರ್ತಾರೆ. ಅವರನ್ನ ಎಬ್ಬಿಸಿ ಹೊರಗೆ ಸಾಲಾಗಿ ನಿಲ್ಲಿಸಿ 'ಡಿಜಿಟಲ್ ಸಾಕ್ಷರತೆ' ಬಗ್ಗೆ ಭಾಷಣ. ಪೆನ್ಸಿಲ್ ಹಂಚಿಕೆ. ಒಂದು ಗಿಡ, ಅದರ ಸುತ್ತ ಹನ್ನೆರಡು ಕೈ. ಫೋಟೋ. ರಿಪೋರ್ಟು. ಮುಂದಿನ ವಾರ ಇನ್ನೊಂದು ಕಾಲೇಜಿನ ಬಸ್ಸು. ಆ ಗಿಡಕ್ಕೆ ಏಪ್ರಿಲ್‌ನಲ್ಲಿ ನೀರು ಹಾಕೋರು ಯಾರು ಅಂತ ರಿಪೋರ್ಟಲ್ಲಿ ಕಾಲಂ ಇರಲ್ಲ.

ಇದರಲ್ಲಿ ನಮಗೆ ನಷ್ಟ ಇಲ್ಲ. ನಷ್ಟ ಆಗೋದು ಶಾಲೆಗೆ. ಅರ್ಧ ದಿನದ ಪಾಠ ಹೋಗುತ್ತೆ. ಟೀಚರ್‌ಗಳಲ್ಲಿ ಕೆಲವರು ಅತಿಥಿ ಶಿಕ್ಷಕರು, ಮೊದಲೇ ಕೈ ಸಾಲ್ತಿರಲ್ಲ. ನಮಗೆ ಕುರ್ಚಿ ಹಾಕಿ, ಟೀ ಕೊಟ್ಟು, ಮಕ್ಕಳ ಕೈಲಿ ಸ್ವಾಗತ ಗೀತೆ ಹಾಡಿಸೋ ಕೆಲಸ ಬೇರೆ ಸೇರುತ್ತೆ. ಬೇಡ ಅನ್ನೋಕೆ ಅವರಿಗೂ ಸಂಕೋಚ. ಅಂದ್ರೆ ನಮ್ಮ ಎರಡು ಸಾಲಿಗೆ ದುಡ್ಡು ಕೊಡ್ತಿರೋದು ಆ ಮಕ್ಕಳು.

ಹಾಗಾದ್ರೆ ಮಾಡೋದೇನು? ಹೊಸ ಎನ್‌ಜಿಒ ಶುರು ಮಾಡಬೇಕಾಗಿಲ್ಲ. ನಮಗೆ ಈಗಾಗಲೇ ಬರೋ ಕೆಲಸವನ್ನ ಯಾರಿಗೆ ಬೇಕೋ ಅಲ್ಲಿಗೆ ತಗೊಂಡು ಹೋದ್ರೆ ಸಾಕು. ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಹೇಳ್ತೀನಿ.

ಪ್ಲೇಸ್‌ಮೆಂಟಿಗೆ ಅಂತ ನಾವೆಲ್ಲ ಆಪ್ಟಿಟ್ಯೂಡ್ ಮಾಡ್ತೀವಲ್ಲ, ಸಂಖ್ಯಾ ಸರಣಿ, ಕೋಡಿಂಗ್-ಡಿಕೋಡಿಂಗ್, ಗುಂಪಿಗೆ ಸೇರದ್ದನ್ನ ಆರಿಸೋದು, ಇವೇ ಪ್ರಶ್ನೆಗಳು ಎಂಟನೇ ಕ್ಲಾಸಿನ ಮಕ್ಕಳ ಒಂದು ಪರೀಕ್ಷೆಯಲ್ಲೂ ಬರುತ್ವೆ. ಅದರ ಹೆಸರು ಎನ್‌ಎಂಎಂಎಸ್. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಓದೋ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ ವಿಷಯಗಳದ್ದು. ಆಯ್ಕೆಯಾದ್ರೆ ಒಂಬತ್ತನೇ ಕ್ಲಾಸಿಂದ ಸೆಕೆಂಡ್ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಎಸ್ಸೆಸ್ಸೆಲ್ಸಿ ಆದ ಮೇಲೆ ಕೆಲಸಕ್ಕೆ ಕಳಿಸೋದಾ, ಕಾಲೇಜಿಗೆ ಕಳಿಸೋದಾ ಅಂತ ಯೋಚನೆ ಮಾಡೋ ಮನೆಯಲ್ಲಿ ಈ ದುಡ್ಡು ಒಂದು ನಿರ್ಧಾರವನ್ನೇ ಬದಲಾಯಿಸಬಹುದು.

ಪಾಠದ ಪತ್ರಿಕೆಗೆ ಟೀಚರ್ ಇದ್ದಾರೆ. ಆದ್ರೆ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳಿಗೆ ಟೈಮ್‌ಟೇಬಲ್‌ನಲ್ಲಿ ಪೀರಿಯಡ್ ಇಲ್ಲ. ನಾವು ಮೊಬೈಲಲ್ಲಿ ದಿನಾ ಪಜಲ್ ಬಿಡಿಸೋ ಹುಚ್ಚಿನವರು ಅಲ್ಲಿಗೆ ಬೇಕು. ಇಬ್ಬರು ಸಾಕು. ಶನಿವಾರ ಒಂದು ಗಂಟೆ, ಇಪ್ಪತ್ತು ವಾರ. ಅರ್ಜಿ, ದಿನಾಂಕ, ಹಳೇ ಪ್ರಶ್ನೆಪತ್ರಿಕೆ ಎಲ್ಲಾ ಎಚ್‌ಎಂ ಹತ್ರ ಕೇಳಿದ್ರೆ ಗೊತ್ತಾಗುತ್ತೆ. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಿಂದ ಬಂದೋರು ಹೋಗೋ ಮುಂಚೆ ಕನ್ನಡ ಪಠ್ಯಪುಸ್ತಕ ಓದಿಕೊಳ್ಳಲೇಬೇಕು. ಎಲ್‌ಸಿಎಂ ಅಂದ್ರೆ ಆ ಮಕ್ಕಳಿಗೆ ಗೊತ್ತಾಗಲ್ಲ, ಲ.ಸಾ.ಅ. ಅನ್ನಬೇಕು. ಪ್ರೈಮ್ ನಂಬರ್ ಅಲ್ಲ, ಅವಿಭಾಜ್ಯ ಸಂಖ್ಯೆ. ಮಕ್ಕಳೇ "ಅಕ್ಕಾ, ಹಂಗಲ್ಲ" ಅಂತ ತಿದ್ದುತ್ತಾರೆ. ಅವರಿಗೂ ಅದು ಖುಷಿ, ನಮಗೂ ಕನ್ನಡ ಬರುತ್ತೆ.

ಇದೇ ಥರ ಎಸ್ಸೆಸ್ಸೆಲ್ಸಿ. 2023–24ರಿಂದ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಪರೀಕ್ಷೆ-1ರಲ್ಲಿ ಗಣಿತ ಹೋದ ಹುಡುಗನಿಗೆ ಪರೀಕ್ಷೆ-2ಕ್ಕೆ ಕೆಲವೇ ವಾರ ಸಿಗುತ್ತೆ. ಟ್ಯೂಷನ್‌ಗೆ ದುಡ್ಡಿಲ್ಲದೇ ಇದ್ರೆ ಆ ಕೆಲವು ವಾರ ಸುಮ್ಮನೆ ಕಳೆದುಹೋಗುತ್ತೆ. ಎಂಜಿನಿಯರಿಂಗ್ ಎಂ-3 ಪಾಸ್ ಮಾಡಿದೋರು ಅವನಿಗೆ ಹತ್ತನೇ ಕ್ಲಾಸಿನ ಗಣಿತ ಹೇಳಿಕೊಡೋಕೆ ಆಗಲ್ವಾ?

ಹಾರ್ಡ್‌ವೇರ್ ಇಷ್ಟ ಇರೋರು ಹತ್ತಿರದ ಪ್ರೌಢಶಾಲೆಯ ಕಂಪ್ಯೂಟರ್ ರೂಮ್ ಒಳಗೆ ಹೋಗಿ ನೋಡಿ. ಧೂಳು ಹಿಡಿದ ಕಂಪ್ಯೂಟರ್‌ಗಳಲ್ಲಿ ಎಲ್ಲವೂ ಕೆಟ್ಟಿರಲ್ಲ. ಒಂದಕ್ಕೆ ಸಿಮಾಸ್ ಬ್ಯಾಟರಿ ಹೋಗಿರುತ್ತೆ, ಇನ್ನೊಂದಕ್ಕೆ ರ್‍ಯಾಮ್ ತೆಗೆದು ಒರೆಸಿ ಹಾಕಿದ್ರೆ ಸಾಕು, ಮತ್ತೊಂದರ ಎಸ್‌ಎಂಪಿಎಸ್ ಬದಲಾಯಿಸಬೇಕು. ಹಳೇ ಮೆಷಿನ್‌ಗೆ ಹಗುರವಾದ ಲಿನಕ್ಸ್ ಹಾಕಿ, ಕನ್ನಡ ಟೈಪಿಂಗ್ ಸೆಟ್ ಮಾಡಿಕೊಡಬಹುದು. ಆದ್ರೆ ಎಚ್‌ಎಂ ಅನುಮತಿ ಇಲ್ಲದೇ ಸ್ಕ್ರೂ ಬಿಚ್ಚಬೇಡಿ. ಅದು ಸರ್ಕಾರಿ ಸ್ವತ್ತು, ಏನು ತೆಗೆದ್ರಿ, ಏನು ಹಾಕಿದ್ರಿ ಅಂತ ರಿಜಿಸ್ಟರ್‌ನಲ್ಲಿ ಬರೆಸಿ.

ಕೋಡಿಂಗ್ ಜೊತೆ ಕನ್ನಡವೂ ಇಷ್ಟ ಇರೋ ನಮ್ಮ ಸಂಘದವರಿಗೆ ಒಂದು ಕೆಲಸ ಕಾದಿದೆ. ಕಣ್ಣು ಕಾಣದ ವಿದ್ಯಾರ್ಥಿಗಳು ಸ್ಕ್ರೀನ್ ರೀಡರ್ ಇಟ್ಟುಕೊಂಡು ಓದ್ತಾರೆ. ಆದ್ರೆ ಪುಟ ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದ್ರೆ ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರ. ಹಳೇ ನುಡಿ, ಬರಹದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ನೋಟ್ಸ್ ಇದ್ರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನ ಓದುತ್ತೆ. ಅದನ್ನ ಯೂನಿಕೋಡ್‌ಗೆ ತಂದು, ತಪ್ಪು ತಿದ್ದಿ ಕೊಟ್ಟರೆ ಮಾತ್ರ ಅವರಿಗೆ ಕನ್ನಡ ಕೇಳಿಸುತ್ತೆ. ಒಬ್ಬ ಡಿಗ್ರಿ ವಿದ್ಯಾರ್ಥಿಯ ಒಂದು ಸೆಮಿಸ್ಟರ್‌ನ ನೋಟ್ಸ್ ಹೀಗೆ ಮಾಡಿಕೊಟ್ಟರೂ ಅದು ನಮ್ಮ ಒಂದು ನವೆಂಬರ್ ಆರ್ಕೆಸ್ಟ್ರಾಗಿಂತ ದೊಡ್ಡ ಕನ್ನಡ ಸೇವೆ ಅಂತ ನನ್ನ ಅಭಿಪ್ರಾಯ. ಓದೋ ದನಿ ಚೆನ್ನಾಗಿರೋರು ಪಾಠ ಓದಿ ರೆಕಾರ್ಡ್ ಮಾಡಿ ಕೊಡಬಹುದು.

ಕ್ಯಾಮೆರಾ ಹಿಡಿದು ಕ್ಯಾಂಪಸ್ ಕೆರೆ ಸುತ್ತೋರೂ ಇದ್ದಾರಲ್ಲ? ಹಕ್ಕಿ ಫೋಟೋ ಇನ್‌ಸ್ಟಾಗ್ರಾಮ್‌ಗೆ ಹಾಕೋ ಜೊತೆಗೆ ಇ-ಬರ್ಡ್‌ನಲ್ಲಿ ಪಟ್ಟಿ ಹಾಕಿ. ಪ್ರತಿ ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ, ಹದಿನೈದು ನಿಮಿಷ ನಿಂತು ಎಣಿಸಿದ್ರೂ ಲೆಕ್ಕಕ್ಕೆ ಬರುತ್ತೆ. ನಾಲ್ಕು ವರ್ಷ ಬಿಡದೇ ಮಾಡಿದ್ರೆ ಕೆರೆಯ ಪಕ್ಕ ಕಟ್ಟಡ ಏಳೋ ದಿನ ಮಾತಾಡೋಕೆ ನಮ್ಮ ಕೈಲಿ ಒಂದು ದಾಖಲೆ ಇರುತ್ತೆ.

"ನಂಗೆ ಅಂಥ ಹವ್ಯಾಸ ಯಾವುದೂ ಇಲ್ಲ, ಊರಿಗೆ ಹೋದ್ರೆ ಅಪ್ಪನ ಅಂಗಡಿಯಲ್ಲಿ ಕೂರ್ತೀನಿ ಅಷ್ಟೇ" ಅನ್ನೋರಿಗೆ ಒಂದು ಮಾತು. ಅಮೆರಿಕದಲ್ಲಿ ಅಂಡರ್‌ಗ್ರಾಜುಯೇಟ್ ಸೀಟಿಗೆ ತುಂಬೋ ಕಾಮನ್ ಆ್ಯಪ್ ಅರ್ಜಿಯಲ್ಲಿ ಚಟುವಟಿಕೆಗಳ ಪಟ್ಟಿಗೆ ಅಂತಲೇ ಒಂದು ಭಾಗ ಇದೆ. ಅಲ್ಲಿ 'ಕುಟುಂಬದ ಜವಾಬ್ದಾರಿ' ಅನ್ನೋದೂ ಒಂದು ವಿಭಾಗ, ಸಂಬಳದ ಕೆಲಸವೂ ಒಂದು ವಿಭಾಗ. 2016ರ ಜನವರಿಯಲ್ಲಿ ಹಾರ್ವರ್ಡ್‌ನ ಶಿಕ್ಷಣ ವಿಭಾಗದ ಒಂದು ತಂಡ 'ಟರ್ನಿಂಗ್ ದ ಟೈಡ್' ಅನ್ನೋ ವರದಿ ತಂದಿತ್ತು. ಚಟುವಟಿಕೆಗಳ ಸಂಖ್ಯೆ ನೋಡಬೇಡಿ, ಕನಿಷ್ಠ ಒಂದು ವರ್ಷ ಮನಸ್ಸಿಟ್ಟು ಮಾಡಿದ ಸೇವೆ ನೋಡಿ, ಮನೆಗಾಗಿ ದುಡಿಯೋ, ತಮ್ಮ ತಂಗಿಯರನ್ನ ನೋಡಿಕೊಳ್ಳೋ ಮಕ್ಕಳ ಶ್ರಮವನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಅಡ್ಮಿಷನ್‌ನವರಿಗೆ ಅದು ಹೇಳಿತ್ತು. ಊರಲ್ಲಿ ಅಕ್ಕಪಕ್ಕದ ಮನೆ ಮಕ್ಕಳ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿಯನ್ನ ಪ್ರತಿ ವರ್ಷ ಕೂತು ತುಂಬಿಕೊಡೋ ಹುಡುಗಿ, ಬಸ್ಸಲ್ಲಿ ಬಂದು ಗಿಡ ಹಿಡಿದು ನಿಂತ ನಮಗಿಂತ ಎಷ್ಟೋ ಹೆಚ್ಚು ಕೆಲಸ ಮಾಡಿದ್ದಾಳೆ. ಅದನ್ನ ಬರೆಯೋಕೆ ನಾಚಿಕೆ ಪಡಬೇಡಿ.

ಇದಕ್ಕೆ ಒಂದು ಎದುರು ಮಾತು ಬರುತ್ತೆ: "ಪಾಯಿಂಟ್ಸ್ ಇಲ್ಲದೇ ಇದ್ರೆ ಯಾರೂ ಹೋಗ್ತಾನೇ ಇರಲಿಲ್ಲ. ಏನೂ ಇಲ್ಲದ್ದಕ್ಕಿಂತ ಒಂದು ದಿನ ಹೋಗೋದು ಮೇಲಲ್ವಾ?" ಮೊದಲ ಅರ್ಧ ನಾನೂ ಒಪ್ತೀನಿ. ಪಾಯಿಂಟ್ಸ್ ನಮ್ಮನ್ನ ಗೇಟಿನ ಹೊರಗೆ ಕಳಿಸಿದೆ. ಎರಡನೇ ಅರ್ಧ ಒಪ್ಪಲ್ಲ. ಒಂದು ದಿನದ ಭೇಟಿಯಿಂದ ಕೆಲವು ಸಲ ಏನೂ ಇಲ್ಲದ್ದಕ್ಕಿಂತ ಕಡಿಮೆಯೇ ಉಳಿಯುತ್ತೆ. ಪಾಠ ಹೋಯ್ತು, ಜೊತೆಗೆ "ಕಾಲೇಜಿನವರು ಬರ್ತಾರೆ, ಫೋಟೋ ತಗೊಂಡು ಹೋಗ್ತಾರೆ" ಅನ್ನೋ ಅಭಿಪ್ರಾಯ ಊರವರಲ್ಲಿ ಬಿತ್ತು. ಆಮೇಲೆ ನಿಜವಾಗಿ ಕೆಲಸ ಮಾಡೋಕೆ ಹೋದೋರನ್ನೂ ಅವರು ನಂಬಲ್ಲ. ಮತ್ತೆ, ಉದ್ದೇಶ ಶುದ್ಧ ಆಗಿರಲೇಬೇಕು ಅಂತಾನೂ ನಾನು ಕೇಳ್ತಿಲ್ಲ. ಎಸ್‌ಒಪಿಗೋಸ್ಕರವೇ ಹೋಗಿ, ಪರವಾಗಿಲ್ಲ. ಇಪ್ಪತ್ತು ಶನಿವಾರ ತಪ್ಪದೇ ಹೋದ್ರೆ ಮಕ್ಕಳಿಗೆ ಸರಣಿ ಬಿಡಿಸೋಕೆ ಬರುತ್ತೆ. ನೀವು ಯಾಕೆ ಹೋದ್ರಿ ಅಂತ ಆ ಸರಣಿ ಕೇಳಲ್ಲ.

ಅರ್ಜಿಗೂ ಇದೇ ಒಳ್ಳೇದು. ಕಾಮನ್ ಆ್ಯಪ್‌ನಲ್ಲಿ ಒಂದು ಚಟುವಟಿಕೆ ವಿವರಿಸೋಕೆ ಸಿಗೋದು 150 ಅಕ್ಷರ. ಎಂಎಸ್ ಎಸ್‌ಒಪಿಯಲ್ಲಿ ಓದು, ಪ್ರಾಜೆಕ್ಟ್ ಎಲ್ಲ ಆಗಿ ಇದಕ್ಕೆ ಉಳಿಯೋದು ಒಂದು ಪ್ಯಾರಾ. ಆ ಜಾಗದಲ್ಲಿ "ಗ್ರಾಮೀಣ ಮಕ್ಕಳ ಬಾಳಲ್ಲಿ ಬೆಳಕು ತಂದೆ" ಅಂತ ಬರೆದ್ರೆ ಓದೋರಿಗೆ ಏನೂ ಕಾಣಲ್ಲ. "ಒಂದು ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿಗೆ ಎರಡು ವರ್ಷ ಶನಿವಾರ ತರ್ಕದ ಪಾಠ ಮಾಡಿದೆ, ಕನ್ನಡದಲ್ಲಿ ಅಭ್ಯಾಸ ಪುಸ್ತಕ ಮಾಡಿದೆ, ಈಗ ಜೂನಿಯರ್‌ಗಳು ನಡೆಸ್ತಿದ್ದಾರೆ" ಅಂತ ಬರೆದ್ರೆ ಕಾಣುತ್ತೆ. ಈ ಸಾಲನ್ನ ಅರ್ಜಿ ತುಂಬೋ ವಾರದಲ್ಲಿ ಹುಟ್ಟಿಸೋಕೆ ಆಗಲ್ಲ. ಅಮೆರಿಕದ ಎಂಎಸ್ ಅರ್ಜಿಗಳಿಗೆ ಬಹಳ ಕಡೆ ಡಿಸೆಂಬರ್, ಜನವರಿ ಹೊತ್ತಿಗೆ ಗಡುವು. ಅಂದ್ರೆ ಫೈನಲ್ ಇಯರ್ ಮಧ್ಯದಲ್ಲೇ. ಎರಡು ವರ್ಷ ಅಂತ ಬರೀಬೇಕಾದ್ರೆ ನಮ್ಮ ಬ್ಯಾಚ್ ಈಗಲೇ ಶುರು ಮಾಡಬೇಕು.

ನಮ್ಮ ಕ್ಯಾಂಪಸ್‌ನ ಕ್ಲಬ್‌ಗಳಿಗೆ, ಮೊದಲು ನಮ್ಮ ಕನ್ನಡ ಸಂಘಕ್ಕೇ, ನನ್ನದು ನಾಲ್ಕು ಸಲಹೆ.

ಒಂದು, ಹೋಗೋ ಮುಂಚೆ ಕೇಳೋಣ. ಇಬ್ಬರು ಮಾತ್ರ ಹೋಗಿ, ಬ್ಯಾನರ್ ಇಲ್ಲದೇ, ಎಚ್‌ಎಂ ಅಥವಾ ಎಸ್‌ಡಿಎಂಸಿಯವರ ಹತ್ರ ಕೂತು "ನಿಮಗೆ ಏನು ಬೇಕು? ಯಾವ ದಿನ ಬಂದ್ರೆ ತೊಂದರೆ ಆಗಲ್ಲ?" ಅಂತ ಕೇಳೋಣ. ಅವರು ನಮಗೆ ಬರದೇ ಇರೋ ಕೆಲಸ ಹೇಳಿದ್ರೆ, ಬರಲ್ಲ ಅಂತ ಒಪ್ಪಿಕೊಂಡು ಬೇರೆ ಕಡೆ ನೋಡೋಣ.

ಎರಡು, ಒಂದು ತಂಡಕ್ಕೆ ಒಂದೇ ಜಾಗ, ಕನಿಷ್ಠ ಎರಡು ಸೆಮಿಸ್ಟರ್. ಇಂಟರ್ನಲ್ಸ್ ವಾರ ಬರೋಕೆ ಆಗಲ್ಲ ಅಂತ ಮೊದಲೇ ಹೇಳಿಬಿಡೋಣ. ಹೇಳದೇ ತಪ್ಪಿಸಿದ್ರೆ ಮಕ್ಕಳು ಕಾಯ್ತಾ ಕೂರ್ತಾರೆ.

ಮೂರು, ಮಕ್ಕಳ ಮುಖದ ಫೋಟೋ ಬೇಡ. ಅದರ ಬದಲು ವರ್ಷದ ಕೊನೆಗೆ ಶಾಲೆಯವರೇ ನಾಲ್ಕು ಸಾಲು ಬರೆದು ಕೊಡಲಿ: ಏನು ಉಪಯೋಗ ಆಯ್ತು, ಏನು ಆಗಲಿಲ್ಲ. ಪಾಯಿಂಟ್ಸ್‌ಗೆ ಅದನ್ನೇ ರಿಪೋರ್ಟ್ ಜೊತೆ ಲಗತ್ತಿಸೋಣ.

ನಾಲ್ಕು, ಒಂದು ಹ್ಯಾಂಡ್‌ಓವರ್ ಪುಸ್ತಕ. ಯಾವ ಪಾಠ ಆಯ್ತು, ಯಾವ ಕಂಪ್ಯೂಟರ್‌ಗೆ ಏನು ಹಾಕಿದ್ವಿ, ಯಾರ ಹತ್ರ ಕೀ ಇರುತ್ತೆ, ಎಲ್ಲಾ ಬರೆದು ಫಸ್ಟ್ ಇಯರ್‌ನವರ ಕೈಗೆ ಕೊಡೋಣ. ನಾವು ಇಲ್ಲಿರೋದು ನಾಲ್ಕು ವರ್ಷ. ಶಾಲೆ, ಕೆರೆ, ಊರು ಆಮೇಲೂ ಇಲ್ಲೇ ಇರುತ್ವೆ.

ಮುಂದಿನ ಸಂಘದ ಸಭೆಯಲ್ಲಿ ಈ ನಾಲ್ಕನ್ನ ಚರ್ಚೆಗೆ ಇಡ್ತೀನಿ. ಎನ್‌ಎಂಎಂಎಸ್ ಶನಿವಾರಗಳಿಗೆ ಇಬ್ಬರು ಬೇಕು, ಒಬ್ಬಳು ನಾನು. ಇನ್ನೊಬ್ಬರು ಯಾರು ಬರ್ತೀರಾ ಹೇಳಿ. ಲ.ಸಾ.ಅ. ಅಂದ್ರೆ ಏನು ಅಂತ ಗೊತ್ತಿಲ್ಲದೇ ಇದ್ರೂ ನಡೆಯುತ್ತೆ, ಹೋಗೋ ಮುಂಚೆ ಕಲಿತುಕೊಳ್ಳೋಣ.