ಶಾಲು ಹೊದಿಸಿದರೆ ಸಾಲದು

ಅಂಕೋಲಾ ತಾಲ್ಲೂಕು ಎರಡೇ ತಿಂಗಳಲ್ಲಿ ಹಾಲಕ್ಕಿ ಸಮುದಾಯದ ಇಬ್ಬರು ಹಿರಿಯ ಮಹಿಳೆಯರನ್ನು ಕಳೆದುಕೊಂಡಿತು: 2024ರ ಡಿಸೆಂಬರ್‌ನಲ್ಲಿ ತುಳಸಿ ಗೌಡ, 2025ರ ಫೆಬ್ರುವರಿಯಲ್ಲಿ ಸುಕ್ರಿ ಬೊಮ್ಮಗೌಡ. ಇಬ್ಬರಿಗೂ ಪದ್ಮಶ್ರೀ ಬಂದಿತ್ತು, ನಾಡು ಹೆಮ್ಮೆಪಟ್ಟಿತ್ತು. ಆದರೆ ಪ್ರಶಸ್ತಿಪತ್ರದಲ್ಲಿ ಸಾಧನೆ ಇರುತ್ತದೆ, ಬದುಕು ಇರುವುದಿಲ್ಲ. ಬೀಜಕ್ಕೆ ತಕ್ಕ ತಾಯಿಮರವನ್ನು ಶಾಲೆ ಕಾಣದ ತುಳಸಿಯವರ ಕಣ್ಣು ಹೇಗೆ ಗುರುತಿಸುತ್ತಿತ್ತು, ಹಾಡುಗಾರ್ತಿ ಸುಕ್ರಿಯವರು ಸಾರಾಯಿಯ ವಿರುದ್ಧ ಹೆಂಗಸರನ್ನು ಹೇಗೆ ಒಗ್ಗೂಡಿಸಿದರು ಎಂಬುದೆಲ್ಲ ದಿನಗಟ್ಟಲೆ ಕೂತು ಕೇಳಿದರಷ್ಟೇ ಹೊರಬರುವ ಸಂಗತಿ. ಹಿರಿಯರ ಬದುಕನ್ನು ಅವರದೇ ದನಿಯಲ್ಲಿ ದಾಖಲಿಸುವುದು ಸನ್ಮಾನದಷ್ಟೇ ಅಗತ್ಯವಾದ ಸಾರ್ವಜನಿಕ ಕೆಲಸವಾಗಬೇಕು.

ಹಾಗೆ ಕೇಳಿದರೆ ಏನು ದಕ್ಕುತ್ತದೆಂಬುದಕ್ಕೆ ತುಳುನಾಡಿನಲ್ಲಿ ನಿದರ್ಶನವಿದೆ. 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಇಲ್ಲಿನ ವಿದ್ವಾಂಸರಾದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಡನೆ ಸೇರಿ ಬೆಳ್ತಂಗಡಿ ಕಡೆಯ ಹಾಡುಗಾರ ಗೋಪಾಲ ನಾಯ್ಕರಿಂದ ತುಳುವಿನ ಮೌಖಿಕ ಮಹಾಕಾವ್ಯ ಸಿರಿಯನ್ನು ದಾಖಲಿಸಿದರು. ಬರಹಕ್ಕಿಳಿದಾಗ ಅದು 15,683 ಸಾಲಾಯಿತು. ಅವರು ಹಾಡನ್ನಷ್ಟೇ ಪಡೆದು ಎದ್ದು ಹೋಗಲಿಲ್ಲ. ಅದನ್ನು ಎಲ್ಲಿ ಕಲಿತಿರಿ, ಮನಸ್ಸಿನಲ್ಲಿ ಹೇಗೆ ಕಟ್ಟಿಕೊಂಡಿರಿ ಎಂದೂ ಕೇಳಿದರು. ಕಾವ್ಯವೊಂದು ಮನುಷ್ಯನ ಬದುಕಿನೊಳಗೆ ಬೆಳೆಯುವ ಬಗೆ ಲೋಕಕ್ಕೆ ತಿಳಿದದ್ದು ಆ ಪ್ರಶ್ನೆಗಳಿಂದ.

ಮುಪ್ಪಿನ ನೆನಪನ್ನು ನಂಬಬಹುದೇ ಎಂಬ ಆಕ್ಷೇಪ ಸಣ್ಣದಲ್ಲ. ಇಸವಿ ತಪ್ಪಬಹುದು, ತಮ್ಮ ಪಾತ್ರ ತಮಗೇ ಹಿರಿದಾಗಿ ಕಾಣಬಹುದು. ಅದಕ್ಕೇ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ, ಕಡತಕ್ಕೆ ಒರೆ ಹಚ್ಚಬೇಕು. ಆದರೆ ಕಡತಕ್ಕೂ ಕುರುಡು ಜಾಗಗಳಿವೆ. ಗೇಣಿ ರೈತರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದಲ್ಲಿ ಬಂಧಿತರಾದವರ ಹೆಸರು ಸರ್ಕಾರಿ ದಾಖಲೆಯಲ್ಲಿ ಸಿಕ್ಕೀತು. ಗೇಣಿ ಅಳೆಯುವ ಕೊಳಗವನ್ನು ಪ್ರಶ್ನಿಸಿದ ರೈತನ ಮನೆಯಲ್ಲಿ ಆ ರಾತ್ರಿ ಒಲೆ ಉರಿಯಿತೇ ಎಂಬುದು ಸಿಗದು. ಅದನ್ನು ಹೇಳಬಲ್ಲ, ಅಂದು ಆ ಮನೆಯಲ್ಲಿ 15ರ ಹುಡುಗಿಯಾಗಿದ್ದವರಿಗೆ ಈಗ ತೊಂಬತ್ತರ ಆಸುಪಾಸು.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಬೇರೆ ಯೋಜನೆ ಏಕೆ ಎನ್ನಬಹುದು. ಯಾರು, ಯಾವ ಊರು, ಯಾವ ದಿನ ಎಂಬ ವಿವರವಿಲ್ಲದ ವಿಡಿಯೊ ಮೊಬೈಲ್ ಕೆಟ್ಟ ದಿನವೇ ಮಣ್ಣುಪಾಲು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಈ ಕೆಲಸಕ್ಕೆ ಸರಿಯಾದ ನೆಲೆ. ಊರಿನ ಯುವಜನರಿಗೆ ಅಲ್ಲಿ ತರಬೇತಿ ಸಿಗಲಿ. ದಾಖಲೆಯ ಒಂದು ಪ್ರತಿ ಅಲ್ಲೇ ಉಳಿಯಲಿ, ಇನ್ನೊಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ಹೋಗಲಿ. ಮನೆಯ ಗುಟ್ಟು, ಜಾತಿಯ ನೋವು ಬಯಲಾದೀತೆಂಬ ಅಳುಕು ಸಹಜ. ಆದ್ದರಿಂದ ಯಾವ ಭಾಗ ಎಲ್ಲರಿಗೆ, ಯಾವುದು ತಮ್ಮ ಕಾಲಾನಂತರಕ್ಕೆ ಎಂದು ತೀರ್ಮಾನಿಸುವ ಹಕ್ಕು ಹೇಳಿದವರದೇ ಆಗಿರಬೇಕು. ಊರಹಬ್ಬದ ವೇದಿಕೆಯಲ್ಲಿ ಹಿರಿಯರಿಗೆ ಶಾಲು ಹೊದಿಸುವುದು ನಿಲ್ಲದಿರಲಿ. ಮರುದಿನ ಅವರ ಮನೆಯ ಜಗಲಿಯಲ್ಲಿ ಕೂತು ಕೇಳುವವರೊಬ್ಬರು ಇರಲಿ.