ಸಂಗೀತ ಕಲಿಯುವ ಮಗಳಿಗೆ ಯಾವ ಕಾಲೇಜು?

ಕಳೆದ ಅಮಾವಾಸ್ಯೆಯ ದಿನ ಗದ್ದುಗೆಯ ದರ್ಶನ ಮುಗಿಸಿಕೊಂಡು ಸದ್ಭಕ್ತರೊಬ್ಬರು ಪತ್ನಿ ಹಾಗೂ ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ರಾಣೇಬೆನ್ನೂರ ಕಡೆಯವರು, ದಲಾಲಿ ಅಂಗಡಿ ಇಟ್ಟವರು. ಮಗಳು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ಪಡೆದಿದ್ದಾಳೆ. ಆದರೆ ಶ್ರಾವಣದ ಪ್ರವಚನಗಳಲ್ಲಿ ವಚನ ಹಾಡುತ್ತ ಬೆಳೆದ ಆ ಕೂಸಿನ ಮನಸ್ಸು ಬೇರೆಡೆಗೆ ಹರಿದಿದೆ. “ಗುರುಗಳ, ಸಂಗೀತಾನ ಓದತೀನಿ ಅಂತ ಹಟಾ ಹಿಡದಾಳ. ಹೆಸರಿದ್ದ ಕಾಲೇಜು ಒಂದು ಹೇಳ್ರಿ” ಎಂದರು ತಂದೆ. ತಾಯಿ ಮಾತಾಡಲಿಲ್ಲ. ಸಂಗೀತದಿಂದ ಬದುಕು ನಡೆದೀತೇ ಎಂಬ ಪ್ರಶ್ನೆ ಅವರ ಮೋರೆಯ ಮೇಲೆಯೇ ಇತ್ತು.

‘ಹೆಸರಿದ್ದ ಕಾಲೇಜು’ ಎಂಬ ಮಾತು ಕೇಳಿ ನಮಗೆ ಹಳೆಯದೊಂದು ತಪ್ಪು ನೆನಪಾಯಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮಾತಿನಂತೆ ಒಬ್ಬ ಹುಡುಗ ದೂರದ ದೊಡ್ಡ ಕಾಲೇಜೊಂದನ್ನು ಸೇರಿದ. ನಾವು ಕಟ್ಟಡ ನೋಡಿದ್ದೆವು, ಹೆಸರು ಕೇಳಿದ್ದೆವು. ಪಾಠ ಹೇಳುವವರು ಯಾರೆಂದು ವಿಚಾರಿಸಿರಲಿಲ್ಲ. ಅಲ್ಲಿ ಒಂದು ಹಾರ್ಮೋನಿಯಂ ಸುತ್ತ ಮೂವತ್ತು ಮಂದಿ ಕುಳಿತು ಒಟ್ಟಾಗಿ ಹಾಡುತ್ತಿದ್ದರಂತೆ. ಗಾಯನದ ಅಧ್ಯಾಪಕರ ಹುದ್ದೆ ಎರಡು ವರ್ಷ ಖಾಲಿಯೇ ಇತ್ತು. ಹುಡುಗ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ ಬಂದ. ತಂಬೂರಿಯನ್ನು ಶ್ರುತಿಗೊಳಿಸಲು ಬರುತ್ತಿರಲಿಲ್ಲ. ಈಗ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಸೋಮವಾರಗಳಂದು ಮಠದಲ್ಲಿ ಅವನು ಹಾಡುವಾಗ ನಾವು ತಲೆ ಎತ್ತಿ ಅವನ ಕಡೆ ನೋಡಲಾರೆವು.

ನಮ್ಮ ಸಮಾಜಕ್ಕೆ ಸಂಗೀತವಿದ್ಯೆ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ಕಣ್ಣಿಲ್ಲದವರು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕರಗತ ಮಾಡಿಕೊಂಡು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ವಿದ್ಯೆ ಕೊಟ್ಟರು. ಬಸವರಾಜ ರಾಜಗುರುಗಳು ಅವರ ಶಿಷ್ಯರು. ಅವರ ತರುವಾಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆ ದಾಸೋಹವನ್ನು ನಡೆಸಿದರು. ಅಲ್ಲಿ ಶಿಷ್ಯನು ಗುರುವಿನ ಕಿವಿಯ ಅಳತೆಯಲ್ಲಿಯೇ ಹಗಲಿರುಳು ಬಾಳುತ್ತಿದ್ದನು. ತಪ್ಪು ಸ್ವರ ಹೊರಟ ಕ್ಷಣದಲ್ಲಿಯೇ ತಿದ್ದುಪಡಿ.

ಹಾಗೆಂದು ಕಾಲೇಜಿನ ವಿದ್ಯೆಯನ್ನು ಹಳಿಯುವವರಲ್ಲ ನಾವು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಉಸ್ತಾದರ ಮನೆಯೊಳಗಿದ್ದ ವಿದ್ಯೆಯನ್ನು ಗೃಹಸ್ಥರ ಮಕ್ಕಳಿಗೆ ಸಿಗುವಂತೆ ಮಾಡಿದರು. ಭಾತಖಂಡೆಯವರು ಊರೂರು ತಿರುಗಿ ಚೀಜುಗಳನ್ನು ಸಂಗ್ರಹಿಸಿ, ಸ್ವರಲಿಪಿ ಸಹಿತ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ್ದ ಮಲ್ಲಿಕಾರ್ಜುನ ಮನಸೂರರನ್ನು ಕರೆತಂದು ಸಂಗೀತ ವಿಭಾಗದ ಗೌರವ ನಿರ್ದೇಶಕರನ್ನಾಗಿ ಮಾಡಿತು. ಪದವಿ ಕೊಡುವ ಸಂಸ್ಥೆ ಪದವಿಯಿಲ್ಲದವರ ಪಾದದ ಬಳಿ ತನ್ನ ವಿದ್ಯಾರ್ಥಿಗಳನ್ನು ಕುಳ್ಳಿರಿಸಿತು. ಕಾಲೇಜನ್ನು ಅಳೆಯುವ ಕೋಲು ನಮಗೆ ಇಲ್ಲಿದೆ: ಅಲ್ಲಿ ಹಾಡುವ ಅಧ್ಯಾಪಕರಿದ್ದಾರೆಯೇ? ಖಾಯಂ ಇದ್ದಾರೆಯೇ, ವರ್ಷಕ್ಕೊಮ್ಮೆ ಬದಲಾಗುವ ಅತಿಥಿಗಳೇ? ವಾರದಲ್ಲಿ ಎಷ್ಟು ತಾಸು ವಿದ್ಯಾರ್ಥಿನಿ ಒಬ್ಬಳೇ ಗುರುವಿನ ಎದುರು ಕುಳಿತು ಹಾಡುತ್ತಾಳೆ?

ಇನ್ನು ಶಾಸ್ತ್ರಪಾಠ. ಹಾಡುವವರಿಗೆ ಶಾಸ್ತ್ರವೇತಕ್ಕೆ ಎಂದು ಕೆಲವರು ಮೂಗು ಮುರಿಯುವುದುಂಟು. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ವನ್ನು ಬಿಡಿ, ನಮ್ಮ ನಿಜಗುಣ ಶಿವಯೋಗಿಗಳೇ ‘ವಿವೇಕ ಚಿಂತಾಮಣಿ’ಯಲ್ಲಿ ಸಂಗೀತಶಾಸ್ತ್ರಕ್ಕೆ ಎಡೆ ಕೊಟ್ಟಿದ್ದಾರೆ. ವಚನ ಹಾಡುವ ಹುಡುಗಿ ಅದನ್ನು ಓದದಿದ್ದರೆ ಇನ್ನಾರು ಓದಬೇಕು? ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಇಂಥ ಗ್ರಂಥಗಳಿವೆಯೇ, ಇದ್ದರೆ ಧೂಳು ಹಿಡಿದಿವೆಯೇ ಎಂದು ಕಣ್ಣಾರೆ ನೋಡಬೇಕು.

ತಾಯಿಯ ಕಳವಳಕ್ಕೂ ಉತ್ತರ ಬೇಕಲ್ಲ. ಕಛೇರಿಯೊಂದನ್ನೇ ನಂಬಿ ಬಾಳುವವರು ಕೆಲವರೇ. ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಬೇಕು. ಗಾಂಧರ್ವ ಮಂಡಲದ ವಿಶಾರದ, ಅಲಂಕಾರ ಪರೀಕ್ಷೆಗಳು ಮಾನ್ಯವಾದುವೇ. ಆದರೆ ಎಲ್ಲ ಕಡೆಯೂ ಅವು ವಿಶ್ವವಿದ್ಯಾಲಯದ ಪದವಿಗೆ ಸಮವೆಂದು ಎಣಿಕೆಯಾಗವು. ಆದ್ದರಿಂದ ಧಾರವಾಡವಾಗಲಿ, ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವಾಗಲಿ, ಪದವಿಯ ದಾರಿಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಪದ್ಧತಿ ಯಾವುದೆಂದೂ ಕೇಳಬೇಕು. ಹಿಂದೂಸ್ತಾನಿಯಲ್ಲಿ ಪಳಗಿದ ಕಂಠವನ್ನು ತಿಳಿಯದೆ ಕರ್ನಾಟಕ ಪದ್ಧತಿಯ ತರಗತಿಗೆ ಸೇರಿಸಿ ಒಂದು ವರ್ಷ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ.

ಮತ್ತೊಂದು ಸಣ್ಣ ಸಂಗತಿ, ಯಾರೂ ಕೇಳದಿರುವುದು: ಹಾಸ್ಟೆಲಿನಲ್ಲಿ ಬೆಳಗಿನ ಐದು ಗಂಟೆಗೆ ಷಡ್ಜ ಹಿಡಿದು ಕೂರಲು ಬಿಡುತ್ತಾರೆಯೇ? ಉಳಿದವರ ನಿದ್ರೆ ಕೆಡುತ್ತದೆಂದು ಬಾಯಿ ಮುಚ್ಚಿಸುವಲ್ಲಿ ಗಾಯನದ ಪದವಿ ಓದುವುದೆಂತು?

ಇಷ್ಟು ಹೇಳಿ, “ತಂಗೀ, ಒಂದು ಹಾಡವ್ವಾ” ಎಂದೆವು. ಅಕ್ಕನ ವಚನವೊಂದನ್ನು ಭೀಮಪಲಾಸದಲ್ಲಿ ಹಾಡಿದಳು. ಮೇಲಿನ ಷಡ್ಜದಲ್ಲಿ ತುಸು ನಡುಕವಿತ್ತು. ಸ್ವರ ಮಾತ್ರ ಸ್ಥಾನ ಬಿಡಲಿಲ್ಲ. ಹಾಡು ಮುಗಿದ ಮೇಲೆ ತಾಯಿ ಮೊದಲ ಬಾರಿ ಬಾಯಿ ತೆರೆದು, “ಫೀ ತುಂಬೂಕಿಂತ ಮೊದಲ ಒಂದು ದಿನ ಆಕಿನ್ನ ಕ್ಲಾಸಿನ್ಯಾಗ ಕೂಡಸತಾರೇನ್ರಿ ಗುರುಗಳ?” ಎಂದು ಕೇಳಿದರು. ನಮಗೂ ಹೊಳೆಯದಿದ್ದ ಪ್ರಶ್ನೆ. ಧಾರವಾಡದಲ್ಲಿರುವ ನಮ್ಮ ಪರಿಚಿತರಿಗೆ ಅಂದೇ ಪತ್ರ ಬರೆದೆವು. ಬರುವ ಸೋಮವಾರ ತಾಯಿ-ಮಗಳು ಇಬ್ಬರೂ ಹೊರಡಲಿದ್ದಾರೆ.