ಎರಡು ಬಣ್ಣಗಳ ಅಭಿಮಾನ

ಕೋಲ್ಕತ್ತದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಫುಟ್‌ಬಾಲ್ ತಂಡಗಳ ಅಭಿಮಾನಿಗಳ ನಡುವೆ ಇರುವುದು ಕೇವಲ ದ್ವೇಷವೆಂದು ಕಳೆದ ಸಂಚಿಕೆಯ ಲೇಖಕರು ತೀರ್ಪಿತ್ತಿರುವುದನ್ನು ನಾನು ಒಪ್ಪಲಾರೆನು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಈ ತಂಡಗಳ ಪಂದ್ಯದ ವೇಳೆ 16 ಮಂದಿ ಪ್ರಾಣ ತೆತ್ತ ದುರಂತವನ್ನು ಅವರು ಸ್ಮರಿಸಿದ್ದು ಯುಕ್ತವೇ. ಆ ಕಳಂಕ ಅಳಿಯತಕ್ಕದ್ದಲ್ಲ. ಆದರೆ ಗೆದ್ದ ದಿನ ಒಂದು ಮನೆಯಲ್ಲಿ ಸೀಗಡಿಯನ್ನೂ ಇನ್ನೊಂದರಲ್ಲಿ ಹಿಲ್ಸಾ ಮೀನನ್ನೂ ಅಟ್ಟು ಸಂಭ್ರಮಿಸುವ, ದೇಶವಿಭಜನೆಯಿಂದ ನೆಲೆ ತಪ್ಪಿ ಬಂದ ಪೂರ್ವಬಂಗಾಳದವರಿಗೆ ಈಸ್ಟ್ ಬೆಂಗಾಲಿನ ಕೆಂಪು-ಹಳದಿ ಅಂಗಿಯಲ್ಲಿ ತವರನ್ನು ಕಾಣಿಸಿದ, ನಮ್ಮ ಬೆಂಗಳೂರಿನ ಆಟಗಾರ ಅಹ್ಮದ್ ಖಾನರನ್ನು ಆ ತಂಡದ ಮುನ್ಪಡೆಯ ಐವರು ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಅಪ್ಪಿಕೊಂಡ ಈ ಅಭಿಮಾನವನ್ನು ದ್ವೇಷವೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಅನ್ಯಾಯ. 2024ರ ಆಗಸ್ಟಿನಲ್ಲಿ, ಕೋಲ್ಕತ್ತದ ಆಸ್ಪತ್ರೆಯಲ್ಲಿ ಕೊಲೆಯಾದ ತರುಣ ವೈದ್ಯೆಗೆ ನ್ಯಾಯ ಬೇಡುತ್ತ, ಈ ತಂಡಗಳ ಪಂದ್ಯ ರದ್ದಾದ ಸಾಲ್ಟ್ ಲೇಕ್ ಕ್ರೀಡಾಂಗಣದೆದುರು ಹೆಗಲಿಗೆ ಹೆಗಲು ಕೊಟ್ಟು ಲಾಠಿಯ ಪೆಟ್ಟು ತಿಂದವರು ಈ ಎರಡು ಬಣ್ಣಗಳವರೇ.